ಒಂದೇ ಬಡಾವಣೆ, ನಾಲ್ಕು ಹೈಸ್ಕೂಲು: ಅಸ್ಟೋರಿಯಾದ ಒಂದು ಮನೆಯ ಲೆಕ್ಕ

2023ರ ಅಕ್ಟೋಬರ್‌ನಲ್ಲಿ ಒಂದು ಭಾನುವಾರ ಅಕ್ಕ ಫೋನ್ ಮಾಡಿದಳು. "ದಿನಾ ಆಫೀಸಲ್ಲಿ ಎಕ್ಸೆಲ್ ಮುಂದೆ ಕೂತಿರ್ತೀಯಲ್ಲ, ಒಂದಿನ ನಮಗೋಸ್ಕರಾನೂ ಕೂತ್ಕೋ ಬಾರೋ" ಅಂದಳು. ಹೋಗಿ ನೋಡಿದರೆ ಭಾವ ಆಗಲೇ ಕೂತಿದ್ದರು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ನಾಲ್ಕು ಬಣ್ಣದ ಹೈಲೈಟರ್. ಎಂಟನೇ ತರಗತಿಯ ಪುಟ್ಟಿ ಮಾತ್ರ ಆ ಕಡೆ ತಲೆ ಹಾಕಿರಲಿಲ್ಲ. ರೂಮಿನಲ್ಲಿ ಹಳೇ ಟೇಬಲ್ ಫ್ಯಾನ್ ಬಿಚ್ಚಿಕೊಂಡು ಕೂತಿದ್ದಳು.

ಅವರ ಮನೆ ಇರುವುದು ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ, ಅಸ್ಟೋರಿಯಾ ಬಡಾವಣೆಯ 31ನೇ ಅವೆನ್ಯೂ ಹತ್ತಿರ. ಆ ನಗರದಲ್ಲಿ ಸರ್ಕಾರಿ ಹೈಸ್ಕೂಲು ಅಂದರೆ ಒಂಬತ್ತರಿಂದ ಹನ್ನೆರಡನೇ ತರಗತಿ. ಎಂಟನೇ ತರಗತಿ ಮುಗಿಸಿ ಪಕ್ಕದ ಬೀದಿಯ ಶಾಲೆಗೆ ಸುಮ್ನೆ ಹೋಗಿ ಸೇರುವಂತಿಲ್ಲ. ಎಲ್ಲರೂ ಅರ್ಜಿ ಹಾಕಬೇಕು. ನಗರದಲ್ಲಿ ನಾನೂರಕ್ಕೂ ಹೆಚ್ಚು ಸರ್ಕಾರಿ ಹೈಸ್ಕೂಲುಗಳಿವೆ. ಅದರಲ್ಲಿ ಹನ್ನೆರಡು ಆಯ್ಕೆ ಬರೆಯಲು ಆ ವರ್ಷ ಅವಕಾಶವಿತ್ತು. ಡಿಸೆಂಬರ್ ಶುರುವಿಗೆ ಕೊನೆಯ ದಿನ, ಮಾರ್ಚ್‌ನಲ್ಲಿ ಫಲಿತಾಂಶ.

ಅಕ್ಕನ ಷರತ್ತು ಒಂದೇ. ಮಗಳು ದಿನಾ ಎರಡು ಗಂಟೆ ರೈಲಲ್ಲಿ ಕಳೆಯಬಾರದು. ಹಾಗಾಗಿ ಹುಡುಕಾಟ ಅಸ್ಟೋರಿಯಾ ಮತ್ತು ಪಕ್ಕದ ಲಾಂಗ್ ಐಲೆಂಡ್ ಸಿಟಿಗೆ ಇಳಿದಿತ್ತು. ಭಾವನ ಪಟ್ಟಿಯಲ್ಲಿ ಉಳಿದಿದ್ದು ನಾಲ್ಕು. ಬಾಕ್ಕಲೊರಿಯೇಟ್ ಸ್ಕೂಲ್ ಫಾರ್ ಗ್ಲೋಬಲ್ ಎಜುಕೇಶನ್, ಏವಿಯೇಷನ್ ಹೈಸ್ಕೂಲು, ವಿಲಿಯಂ ಕಲೆನ್ ಬ್ರಯಂಟ್ ಹೈಸ್ಕೂಲು, ಲಗ್ವಾರ್ಡಿಯಾ ಕಾಲೇಜಿನ ಆವರಣದ ಇಂಟರ್‌ನ್ಯಾಷನಲ್ ಹೈಸ್ಕೂಲು. 35ನೇ ಅವೆನ್ಯೂನಲ್ಲಿರುವ ಫ್ರ್ಯಾಂಕ್ ಸಿನಾಟ್ರಾ ಕಲಾ ಶಾಲೆ ಮೊದಲೇ ಬಿಟ್ಟುಹೋಗಿತ್ತು. ಅಸ್ಟೋರಿಯಾದಲ್ಲೇ ಬೆಳೆದ ಗಾಯಕ ಟೋನಿ ಬೆನೆಟ್ 2001ರಲ್ಲಿ ಕಟ್ಟಿದ ಶಾಲೆ ಅದು. ಅಲ್ಲಿ ಆಡಿಷನ್ ಕೊಡಬೇಕು. ಪುಟ್ಟಿ ಹಾಡಿದರೆ ಮನೆಯವರೇ ಬಾಗಿಲು ಹಾಕಿಕೊಳ್ಳುತ್ತಾರೆ.

ಭಾವನ ಶೀಟು

ಭಾವ ಕಾಲಂ ಮಾಡಿದ್ದು ಮೂರೇ. ನಾಲ್ಕು ವರ್ಷದಲ್ಲಿ ಪಾಸಾಗಿ ಹೊರಬೀಳುವವರ ಶೇಕಡಾವಾರು, ರೀಜೆಂಟ್ಸ್ ಪರೀಕ್ಷೆಯ ಫಲಿತಾಂಶ, ಹಾಜರಾತಿ. ಮೂರನ್ನೂ ಕೂಡಿಸಿ, ಸರಾಸರಿ ತೆಗೆದು, ಒಂದರಿಂದ ನಾಲ್ಕರವರೆಗೆ ರ‍್ಯಾಂಕ್ ಕೊಟ್ಟಿದ್ದರು. ಹಸಿರು, ಹಳದಿ, ಕಿತ್ತಳೆ, ಕೆಂಪು. ನೋಡೋಕೆ ಅಚ್ಚುಕಟ್ಟಾಗಿತ್ತು, ಸುಳ್ಳು ಹೇಳಲ್ಲ.

ನನ್ನ ಕಣ್ಣು ಮೊದಲು ಹೋಗಿದ್ದು ಕೆಂಪಿಗೆ. ಇಂಟರ್‌ನ್ಯಾಷನಲ್ ಹೈಸ್ಕೂಲಿನ ಸಾಲಿನಲ್ಲಿ ರೀಜೆಂಟ್ಸ್ ಕಾಲಮ್ಮುಗಳಲ್ಲಿ ಸಾಲುಸಾಲಾಗಿ ಸೊನ್ನೆ ಇತ್ತು.

"ಭಾವ, ಇದೇನು ಸೊನ್ನೆ?"

"ಏನೂ ಕೊಟ್ಟಿರ್ಲಿಲ್ಲ ಕಣಯ್ಯ. ಖಾಲಿ ಇತ್ತು. ಖಾಲಿ ಅಂದ್ರೆ ಸೊನ್ನೆ ತಾನೆ?"

ಅಲ್ಲ. ರೀಜೆಂಟ್ಸ್ ಅನ್ನುವುದು ನ್ಯೂಯಾರ್ಕ್ ರಾಜ್ಯದ ಪಬ್ಲಿಕ್ ಪರೀಕ್ಷೆ. ಡಿಪ್ಲೊಮಾ ಬೇಕಾದರೆ ಸಾಮಾನ್ಯವಾಗಿ ಐದು ಪರೀಕ್ಷೆಯಲ್ಲಿ ಕನಿಷ್ಠ 65 ತೆಗೆಯಬೇಕು. ಆದರೆ ಕೆಲವು ಶಾಲೆಗಳಿಗೆ ರಾಜ್ಯವೇ ವಿನಾಯಿತಿ ಕೊಟ್ಟಿದೆ. ಆ ಗುಂಪಿನ ಮಕ್ಕಳು ಇಂಗ್ಲಿಷ್ ಒಂದನ್ನು ಬಿಟ್ಟು ಉಳಿದದ್ದಕ್ಕೆ ಪರೀಕ್ಷೆ ಬರೆಯುವ ಬದಲು ಪ್ರಾಜೆಕ್ಟ್ ಮಾಡಿ, ಸಮಿತಿಯ ಮುಂದೆ ನಿಂತು ವಿವರಿಸಿ ಪಾಸಾಗುತ್ತಾರೆ. ಇಂಟರ್‌ನ್ಯಾಷನಲ್ ಆ ಗುಂಪಿನ ಶಾಲೆ. ಬರೆಯದ ಪರೀಕ್ಷೆಗೆ ಭಾವ ಸೊನ್ನೆ ಹಾಕಿಬಿಟ್ಟಿದ್ದರು.

ಇನ್ನೂ ಒಂದು ವಿಷಯವಿತ್ತು. 1985ರಲ್ಲಿ ಶುರುವಾದ ಆ ಶಾಲೆ ಇರುವುದೇ ಅಮೆರಿಕಕ್ಕೆ ಹೊಸದಾಗಿ ಬಂದ, ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಕ್ಕಳಿಗಾಗಿ. ಹದಿನೈದನೇ ವಯಸ್ಸಿಗೆ ಬೇರೆ ದೇಶದಿಂದ ಬಂದಿಳಿದ ಹುಡುಗ ನಾಲ್ಕು ವರ್ಷದಲ್ಲೇ ಮುಗಿಸಬೇಕು ಅನ್ನುವುದು ಯಾವ ನ್ಯಾಯ? ಅದಕ್ಕೇ ಇಲ್ಲಿ ಆರು ವರ್ಷದ ಅಂಕಿಯನ್ನೂ ಬೇರೆಯಾಗಿ ಕೊಡುತ್ತಾರೆ. ಇಂಥ ಶಾಲೆಗೆ ನೋಡಬೇಕಾದದ್ದು ಅದನ್ನು. ಅದೂ ಅಲ್ಲದೆ ಪುಟ್ಟಿ ಎರಡನೇ ತರಗತಿಯಿಂದ ಕ್ವೀನ್ಸ್‌ನಲ್ಲೇ ಓದಿದವಳು. ಅಲ್ಲಿ ಅವಳಿಗೆ ಸೀಟೇ ಇಲ್ಲ. "ಹಾಗಾದ್ರೆ ನಾನು ಮೂರು ವಾರ ಇದನ್ನ ಯಾಕೆ ಇಟ್ಕೊಂಡಿದ್ದೆ?" ಅಂದರು ಭಾವ. ಕೆಂಪಿಗೆ ಒಬ್ಬರು ಬೇಕಿತ್ತು ಅನ್ನಿಸುತ್ತೆ.

ಇನ್ನು ಮೇಲಿನ ಹಸಿರು. 36ನೇ ಅವೆನ್ಯೂದ ಬಾಕ್ಕಲೊರಿಯೇಟ್ ಶಾಲೆ ಪುಟ್ಟದು, ಐನೂರರ ಆಸುಪಾಸು ಮಕ್ಕಳು. ಎಲ್ಲರೂ ಇಂಟರ್‌ನ್ಯಾಷನಲ್ ಬಾಕ್ಕಲೊರಿಯೇಟ್ ಅನ್ನುವ, ಹಲವು ದೇಶಗಳಲ್ಲಿ ನಡೆಯುವ ಪಠ್ಯವನ್ನೇ ಓದುತ್ತಾರೆ. ಅಂಕಿಗಳೂ ಚೆನ್ನ. ಆದರೆ ಅದು ಏಳರಿಂದ ಹನ್ನೆರಡನೇ ತರಗತಿಯ ಶಾಲೆ. ಅಲ್ಲೇ ಎಂಟನೇ ತರಗತಿ ಓದಿದವರು ಒಂಬತ್ತಕ್ಕೆ ಮುಂದುವರಿಯುತ್ತಾರೆ. ಹೊರಗಿನವರಿಗೆ ಉಳಿಯುವುದು ಬೆರಳೆಣಿಕೆಯ ಸೀಟು. ಪಟ್ಟಿಯಲ್ಲಿ ಹಾಕಬಹುದು, ತಪ್ಪಿಲ್ಲ. ಅದನ್ನೇ ನಂಬಿಕೊಂಡು ಕೂರುವ ಹಾಗಿಲ್ಲ, ಅಷ್ಟೇ.

ಅಲ್ಲಿಗೆ ನಿಜವಾಗಿ ತೂಗಬೇಕಾದದ್ದು ಏವಿಯೇಷನ್ ಮತ್ತು ಬ್ರಯಂಟ್ ಎರಡನ್ನೇ. ಆ ಸಂಜೆಯ ಜಗಳ ಪೂರ್ತಿ ಅಲ್ಲೇ ನಡೆದದ್ದು.

ಒಳಗೆ ಬಂದವರು ಯಾರು?

ಭಾವನಿಗೆ ಹೇಳಲು ಒಂದು ಹಾಳೆಯ ಮೇಲೆ ಲೆಕ್ಕ ಬರೆದೆ. ಇದು ಸುಮ್ನೆ ಉದಾಹರಣೆಗೆ, ಯಾವ ಶಾಲೆಯದೂ ಅಲ್ಲ. ಒಂದನೇ ಶಾಲೆಯಲ್ಲಿ ನೂರು ಮಕ್ಕಳು. ಎಂಬತ್ತು ಜನ ಮೊದಲೇ ಚೆನ್ನಾಗಿ ಓದುವವರು, ಇಪ್ಪತ್ತು ಜನ ಮಧ್ಯಮ. ಚೆನ್ನಾಗಿ ಓದುವವರಲ್ಲಿ 76, ಮಧ್ಯಮದವರಲ್ಲಿ 14 ಜನ ಪಾಸು. ಒಟ್ಟು 90. ಎರಡನೇ ಶಾಲೆಯಲ್ಲೂ ನೂರು. ಅಲ್ಲಿ ಉಲ್ಟಾ, ಇಪ್ಪತ್ತು ಜನ ಚೆನ್ನಾಗಿ ಓದುವವರು, ಎಂಬತ್ತು ಮಧ್ಯಮ. ಪಾಸಾದವರು 19 ಮತ್ತು 64. ಒಟ್ಟು 83.

"90 ಮತ್ತು 83. ಯಾವುದು ಒಳ್ಳೇದು ಭಾವ?"

"ಇದನ್ನೂ ಕೇಳ್ತೀಯಾ?"

"ಈಗ ಬರೀ ಮಧ್ಯಮದವರನ್ನ ನೋಡಿ. ಮೊದಲನೇದ್ರಲ್ಲಿ ಇಪ್ಪತ್ತಕ್ಕೆ ಹದಿನಾಲ್ಕು, ಅಂದ್ರೆ ಶೇಕಡಾ 70. ಎರಡನೇದ್ರಲ್ಲಿ ಎಂಬತ್ತಕ್ಕೆ ಅರವತ್ನಾಲ್ಕು, ಅಂದ್ರೆ 80. ಚೆನ್ನಾಗಿ ಓದೋರು ಎರಡೂ ಕಡೆ 95. ನಮ್ಮ ಪುಟ್ಟಿ ಯಾವ ಗುಂಪು?"

ಭಾವ ಹಾಳೆ ತಿರುಗಿಸಿ ಇನ್ನೊಂದು ಸಲ ಕೂಡಿದರು. ಅಕ್ಕ ಅಡುಗೆಮನೆಯಿಂದಲೇ "ಎಂಬತ್ತೆಂಟು ತಗೋತಾಳೆ, ಮಧ್ಯಮ ಅಂತೆ" ಅಂತ ಗೊಣಗಿದಳು.

ಇದು ನನ್ನ ಸ್ವಂತ ತರ್ಕವೇನಲ್ಲ. ಅರ್ಥಶಾಸ್ತ್ರಜ್ಞ ಪರಾಗ್ ಪಾಠಕ್ ಮತ್ತು 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಜೋಶುವಾ ಆಂಗ್ರಿಸ್ಟ್ ಇದ್ದ ತಂಡವೊಂದು ಬಾಸ್ಟನ್ ಮತ್ತು ನ್ಯೂಯಾರ್ಕ್‌ನ ಆರು ಪ್ರವೇಶ ಪರೀಕ್ಷೆ ಶಾಲೆಗಳನ್ನು ಹಿಡಿದು ನೋಡಿತು. ಕಟ್‌ಆಫ್‌ಗಿಂತ ಕೂದಲೆಳೆ ಮೇಲಿದ್ದು ಸೀಟು ಪಡೆದವರು ಒಂದು ಕಡೆ, ಕೂದಲೆಳೆ ಕೆಳಗಿದ್ದು ಸೀಟು ತಪ್ಪಿದವರು ಇನ್ನೊಂದು ಕಡೆ. ಸೀಟು ಸಿಕ್ಕವರಿಗೆ ಸಹಪಾಠಿಗಳು ಬಹಳ ಜಾಣರಾದರು. ಆದರೆ ಮುಂದಿನ ಪರೀಕ್ಷೆಗಳ ಅಂಕದಲ್ಲಿ ಎರಡು ಗುಂಪಿಗೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. 2014ರಲ್ಲಿ ಅದು ಪ್ರಕಟವಾಯಿತು. 2020ರಲ್ಲಿ ಪಾಠಕ್ ಇದ್ದ ಇನ್ನೊಂದು ತಂಡ ನ್ಯೂಯಾರ್ಕ್‌ನ ಅಪ್ಪ ಅಮ್ಮಂದಿರು ಕೊಟ್ಟ ರ‍್ಯಾಂಕ್‌ಗಳನ್ನೇ ಜಾಲಾಡಿತು. ಅವರು ಓಡುತ್ತಿದ್ದುದು ಜಾಣ ಮಕ್ಕಳಿರುವ ಕಡೆಗೆ. ಆ ಒಂದು ಅಂಶವನ್ನು ಲೆಕ್ಕದಿಂದ ತೆಗೆದರೆ, ಶಾಲೆ ತಾನಾಗಿ ಎಷ್ಟು ಕಲಿಸುತ್ತದೆ ಅನ್ನುವುದಕ್ಕೂ ಅವರ ಆಯ್ಕೆಗೂ ಸಂಬಂಧವೇ ಉಳಿಯಲಿಲ್ಲ.

ನಗರದ ಶಿಕ್ಷಣ ಇಲಾಖೆಗೂ ಇದು ಗೊತ್ತು. ಅವರ ಶಾಲಾ ವರದಿಯಲ್ಲಿ ಎರಡು ಬೇರೆ ಅಳತೆಗಳಿವೆ. ಒಂದು ಬರೀ ಫಲಿತಾಂಶ. ಇನ್ನೊಂದು, ಅದೇ ಹಿನ್ನೆಲೆಯ ಮಕ್ಕಳು ನಗರದ ಬೇರೆ ಕಡೆ ಹೇಗೆ ಮಾಡಿದ್ದಾರೋ ಅದಕ್ಕೆ ಹೋಲಿಸಿದರೆ ಈ ಶಾಲೆ ಎಷ್ಟು ಮೇಲೆ ಅಥವಾ ಕೆಳಗೆ ಅನ್ನುವುದು. ಭಾವ ಮೊದಲನೆಯದನ್ನು ಇಳಿಸಿಕೊಂಡಿದ್ದರು. ಎರಡನೆಯದು ಕಣ್ಣಿಗೇ ಬಿದ್ದಿರಲಿಲ್ಲ. ಬಿದ್ದರೂ ಅರ್ಥವಾಗುವ ಹಾಗೆ ಬರೆದಿಲ್ಲ ಬಿಡಿ.

ಹಾಜರಾತಿಯ ಕಾಲಂ ಕೂಡ ಇದೇ ಕಥೆ. ಶೇಕಡಾ 91 ಅಂದರೆ ನೂರಕ್ಕೆ ತೊಂಬತ್ತೊಂದು ಮಕ್ಕಳು ದಿನಾ ಬರುತ್ತಾರೆ ಅಂತ ಅಕ್ಕ ಅಂದುಕೊಂಡಿದ್ದಳು. ಹಾಗೂ ಇರಬಹುದು. ಅಥವಾ ಎಪ್ಪತ್ತೈದು ಮಕ್ಕಳು ಶೇಕಡಾ 97 ದಿನ ಬಂದು, ಉಳಿದ ಇಪ್ಪತ್ತೈದು ಜನ ಶೇಕಡಾ 73ಕ್ಕೆ ನಿಂತಿರಬಹುದು. ಸರಾಸರಿ ಅದೇ 91. ಎರಡನೇ ಥರದ ಶಾಲೆಯಲ್ಲಿ ಪ್ರತಿ ನಾಲ್ಕು ಬೆಂಚಿಗೆ ಒಂದು ಆಗಾಗ ಖಾಲಿ. ವರ್ಷಕ್ಕೆ 180 ದಿನ ಅಂತಿಟ್ಟುಕೊಂಡರೆ 18 ಅಥವಾ ಹೆಚ್ಚು ದಿನ ತಪ್ಪಿಸಿಕೊಳ್ಳುವವರ ಲೆಕ್ಕವನ್ನು ಬೇರೆಯಾಗಿಯೇ ಕೊಡುತ್ತಾರೆ. ಸರಾಸರಿ ಅಳಿಸಿ ಅದನ್ನು ಹಾಕಿದೆವು. ಬಣ್ಣ ಬದಲಾಯಿತು.

ಆ ವರ್ಷಕ್ಕೆ ಸೀಮಿತವಾದ ಇನ್ನೊಂದು ತೊಡಕಿತ್ತು. ಕೊರೊನಾದಿಂದಾಗಿ 2020ರ ಜೂನ್‌ನ ರೀಜೆಂಟ್ಸ್ ರದ್ದಾಗಿತ್ತು. 2021ರಲ್ಲೂ ತುಂಬಾ ಮಕ್ಕಳಿಗೆ ಪರೀಕ್ಷೆ ಬರೆಯದೆಯೇ ವಿನಾಯಿತಿ ಸಿಕ್ಕಿತ್ತು. 2023ರಲ್ಲಿ ನಮ್ಮ ಕಣ್ಣೆದುರಿದ್ದ ಪಾಸಿನ ಅಂಕಿಗಳು ಆ ವರ್ಷಗಳಲ್ಲಿ ಓದಿದ ಮಕ್ಕಳವು. ಹಿಂದಿನ ವರ್ಷಗಳಿಗೆ ಹೋಲಿಸಿ "ಈ ಶಾಲೆ ಸುಧಾರಿಸಿದೆ" ಅಂದುಕೊಳ್ಳುವುದು ಕಷ್ಟ. ಭಾವ ಶ್ರದ್ಧೆಯಿಂದ ಹಾಕಿದ್ದ ಐದು ವರ್ಷದ ಗ್ರಾಫ್ ಅಳಿಸಿದೆವು. ಅವರಿಗೆ ಬೇಜಾರಾಯಿತು, ಪಾಪ.

ಹೋಗಿ ನೋಡಿದ್ದು

ನವೆಂಬರ್‌ನಲ್ಲಿ ಓಪನ್ ಹೌಸ್‌ಗಳಿಗೆ, ಅಂದರೆ ಶಾಲೆಯವರು ಶಾಲೆ ತೋರಿಸುವ ದಿನಗಳಿಗೆ, ಹೋದೆವು. ಎಲ್ಲ ಕಡೆ ಕೇಳಲು ಮೂರು ಪ್ರಶ್ನೆ ಬರೆದುಕೊಂಡಿದ್ದೆವು. ಎಂಬತ್ತೆಂಟು ತೆಗೆಯುವ ಮಗುವಿಗೆ ಒಂಬತ್ತರಲ್ಲಿ ಯಾವ ಗಣಿತ, ಹನ್ನೆರಡಕ್ಕೆ ಬರುವಷ್ಟರಲ್ಲಿ ಎಲ್ಲಿಗೆ ಮುಟ್ಟುತ್ತದೆ? ಒಂಬತ್ತಕ್ಕೆ ಸೇರಿದವರಲ್ಲಿ ಹನ್ನೆರಡರಲ್ಲಿ ಕಾಣದವರು ಎಲ್ಲಿ ಹೋದರು? ಮಗು ಮೂರು ದಿನ ಬರಲಿಲ್ಲ ಅಂದರೆ ಮೊದಲು ಯಾರಿಗೆ ಗೊತ್ತಾಗುತ್ತದೆ?

ಪಟ್ಟಿಯಾಚೆಯ ಒಂದು ಶಾಲೆಗೂ ಹೋಗಿದ್ದೆವು, ಹೆಸರು ಬೇಡ. ವೇದಿಕೆಯ ಮೇಲೆ ದೊಡ್ಡ ಅಕ್ಷರದಲ್ಲಿ "ನೂರಕ್ಕೆ ನೂರು" ಅನ್ನುವ ಸ್ಲೈಡ್. ಭಾವ ಎರಡನೇ ಪ್ರಶ್ನೆ ಕೇಳಿದರು. ಮಾತಾಡುತ್ತಿದ್ದವರು ಸ್ವಲ್ಪ ತಡವರಿಸಿ, "ಕೆಲವರು ತಮಗೆ ಹೆಚ್ಚು ಹೊಂದುವ ಶಾಲೆಗೆ ಹೋಗುತ್ತಾರೆ" ಅಂದರು. ಇಲ್ಲಿಯ ಲೆಕ್ಕದಲ್ಲಿ ಬೇರೆ ಶಾಲೆಗೆ ವರ್ಗವಾದ ಮಗು ಹಳೇ ಶಾಲೆಯ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ. ಓದು ಬಿಟ್ಟ ಮಗು ಮಾತ್ರ ಉಳಿಯುತ್ತದೆ. ಹಾಗಾಗಿ ಆ ನೂರು ಸುಳ್ಳಲ್ಲ. ಎಷ್ಟು ಜನರಲ್ಲಿ ನೂರು ಅನ್ನುವುದು ಮಾತ್ರ ಸ್ಲೈಡಿನಲ್ಲಿರಲಿಲ್ಲ. ಪ್ರತಿ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಅನ್ನುವುದು ಸಾರ್ವಜನಿಕ ಮಾಹಿತಿ. ಒಂಬತ್ತು ಮತ್ತು ಹನ್ನೆರಡನ್ನು ಅಕ್ಕಪಕ್ಕ ಇಟ್ಟರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಏವಿಯೇಷನ್‌ಗೆ ಹೋದ ದಿನ ನನಗೆ ಚೆನ್ನಾಗಿ ನೆನಪಿದೆ. ಅದು ವಿಮಾನ ರಿಪೇರಿ ಕಲಿಸುವ ಸರ್ಕಾರಿ ಹೈಸ್ಕೂಲು. ಕಟ್ಟಡದ ಜೊತೆಗೇ ಹ್ಯಾಂಗರ್, ಒಳಗೆ ನಿಜವಾದ ವಿಮಾನಗಳು. ಮಾಮೂಲಿ ಓದಿನ ಜೊತೆಗೆ ಅಮೆರಿಕದ ವಿಮಾನಯಾನ ಆಡಳಿತದ ಮೆಕ್ಯಾನಿಕ್ ಸರ್ಟಿಫಿಕೇಟಿಗೆ ತಯಾರು ಮಾಡುತ್ತಾರೆ. ವಿಮಾನದ ಮೈಗೆ ಒಂದು, ಎಂಜಿನ್‌ಗೆ ಒಂದು. ಎರಡೂ ಬೇಕೆಂದು ಐದನೇ ವರ್ಷವೂ ಉಳಿಯುವವರಿದ್ದಾರೆ. ಶಾಲೆಯ ದಿನವೂ ಬೇರೆ ಕಡೆಗಿಂತ ಉದ್ದ.

ಒಂದು ಬೆಂಚಿನ ಹತ್ತಿರ ಹನ್ನೊಂದನೇ ತರಗತಿಯ ಹುಡುಗಿ ನಿಂತಿದ್ದಳು. ಎಂಜಿನ್ನಿನ ಬೋಲ್ಟ್ ಅದುರಾಟಕ್ಕೆ ಸಡಿಲವಾಗದಂತೆ ತೆಳು ತಂತಿಯಿಂದ ಎರಡೆರಡನ್ನು ಜೋಡಿಸಿ ಕಟ್ಟುತ್ತಾರೆ. ಸೇಫ್ಟಿ ವೈರ್ ಅಂತಾರೆ. ಒಂದು ಇಂಚಿಗೆ ಆರರಿಂದ ಎಂಟು ಸುತ್ತು ಬರಬೇಕು, ಮತ್ತು ಬೋಲ್ಟ್ ಬಿಗಿಯಾಗುವ ಕಡೆಗೇ ತಂತಿ ಎಳೆಯುವಂತಿರಬೇಕು. ಆ ಹುಡುಗಿ ಪುಟ್ಟಿಯ ಕೈಗೆ ಇಕ್ಕಳ ಕೊಟ್ಟಳು. ಮೊದಲನೇ ಸಲ ತಂತಿ ತುಂಡಾಯಿತು. ಎರಡನೇ ಸಲ ಸುತ್ತು ಸಡಿಲ. "ಇನ್ನೊಂದ್ಸಲ ಮಾಡ್ಲಾ?" ಅಂದಳು ಪುಟ್ಟಿ. ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು. ಮೂರನೇದು ಸರಿಬಂತು. ಆ ಹುಡುಗಿ ಅಳತೆಪಟ್ಟಿ ಹಿಡಿದು ಎಣಿಸಿ "ಏಳು" ಅಂದಳು. ಪುಟ್ಟಿ ಆ ತುಂಡನ್ನು ಜೇಬಿಗೆ ಹಾಕಿಕೊಂಡಳು.

ಅಕ್ಕ ಮಾತ್ರ ಸುತ್ತಲೂ ನೋಡುತ್ತಿದ್ದಳು. ಅಲ್ಲಿ ಹುಡುಗರೇ ಬಹುಪಾಲು. ಹೊರಗೆ ಬಂದ ಮೇಲೆ, "ಊಟದ ಹೊತ್ತಲ್ಲಿ ಯಾರ ಜೊತೆ ಕೂರ್ತಾಳೋ?" ಅಂದಳು. ಇದನ್ನು ನಾನು ಹಗುರವಾಗಿ ತಗೊಳ್ಳಲಿಲ್ಲ. ನನ್ನ ಯಾವ ಕಾಲಂಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಅಕ್ಕ ಆ ಇಕ್ಕಳದ ಹುಡುಗಿಯ ಹತ್ತಿರ ವಾಪಸ್ ಹೋಗಿ ನೇರವಾಗಿಯೇ ಕೇಳಿದಳು. ಹತ್ತು ನಿಮಿಷ ಇಬ್ಬರೂ ಮಾತಾಡಿದರು. ಏನು ಮಾತಾಡಿದರು ಅಂತ ನಮಗೆ ಹೇಳಲಿಲ್ಲ, ಆದರೆ ಆಮೇಲೆ ವಿರೋಧ ಕಮ್ಮಿಯಾಯಿತು.

ಬ್ರಯಂಟ್ ಬೇರೆಯೇ ಲೋಕ. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ದೊಡ್ಡ ಶಾಲೆ, ಮನೆಯಿಂದ ನಡೆದರೆ ಹನ್ನೆರಡು ನಿಮಿಷ. ಕವಿ ಬ್ರಯಂಟ್ ಹೆಸರಿಟ್ಟಿದ್ದಾರೆ, ಬ್ರಾಡ್ವೇ ಗಾಯಕಿ ಎಥೆಲ್ ಮರ್ಮನ್ ಓದಿದ್ದು ಅಲ್ಲೇ. ಅಕ್ಕನ ಮನೆ ಆ ಶಾಲೆಯ ವಲಯಕ್ಕೇ, ಅಂದರೆ ಸೀಟಿನಲ್ಲಿ ಅದು ಆದ್ಯತೆ ಕೊಡುವ ಸುತ್ತಲಿನ ಬೀದಿಗಳಿಗೇ, ಸೇರುತ್ತದೆ. ದೊಡ್ಡ ಶಾಲೆ ಅಂದರೆ ಅಕ್ಕನಿಗೆ ಭಯ, ನನಗೆ ಅಷ್ಟಿಲ್ಲ. ಎರಡು ಸಾವಿರ ಮಕ್ಕಳಿದ್ದರೆ ವಿಷಯಗಳ ಆಯ್ಕೆ, ಆಟದ ತಂಡ, ಕ್ಲಬ್ಬು ಎಲ್ಲ ಜಾಸ್ತಿ. ಹದಿನಾಲ್ಕನೇ ವಯಸ್ಸಿನ ಇಷ್ಟ ಹದಿನಾರಕ್ಕೆ ಬದಲಾದರೆ ಅದೇ ಕಟ್ಟಡದಲ್ಲಿ ಇನ್ನೊಂದು ದಾರಿ ಸಿಗುತ್ತದೆ. ಏವಿಯೇಷನ್‌ನಲ್ಲಿ ಆ ಅನುಕೂಲ ಕಮ್ಮಿ. ದೊಡ್ಡ ಶಾಲೆಯ ಅಪಾಯವೆಂದರೆ ಮಗು ಕಳೆದುಹೋದರೂ ಗೊತ್ತಾಗದಿರುವುದು. ನಮ್ಮ ಮೂರನೇ ಪ್ರಶ್ನೆ ಇದ್ದದ್ದೇ ಅದಕ್ಕೆ.

ಪಟ್ಟಿ ಬರೆಯುವ ಜಗಳ

ಕೊನೆಗೆ ಪುಟ್ಟಿಯನ್ನೇ ಕೇಳಿದೆವು. "ಏವಿಯೇಷನ್, ಆಮೇಲೆ ಬ್ರಯಂಟ್" ಅಂದಳು, ತಲೆ ಎತ್ತದೆ. ಭಾವ ಒಪ್ಪಲಿಲ್ಲ. "ಸಿಗೋದನ್ನ ಮೊದಲು ಹಾಕೋಣ ಕಣಯ್ಯ. ಸಿಗದೇ ಇರೋದನ್ನ ಮೇಲೆ ಹಾಕಿ, ಅದೂ ಹೋಗಿ ಇದೂ ಹೋದ್ರೆ?"

2003ಕ್ಕೆ ಮೊದಲಾಗಿದ್ದರೆ ಭಾವನ ಭಯ ಸರಿಯೇ. ಆಗ ಐದು ಆಯ್ಕೆ ಬರೆಯಬೇಕಿತ್ತು. ಜಾಣ ಮಕ್ಕಳು ಕೆಲವರಿಗೆ ಎರಡು ಮೂರು ಸೀಟು ಒಟ್ಟಿಗೆ ಸಿಗುತ್ತಿದ್ದವು, ಮೂವತ್ತು ಸಾವಿರದಷ್ಟು ಮಕ್ಕಳು ತಾವು ಬರೆಯದೇ ಇದ್ದ ಶಾಲೆಗೆ ಬೀಳುತ್ತಿದ್ದರು. ಅರ್ಥಶಾಸ್ತ್ರಜ್ಞ ಆಲ್ವಿನ್ ರಾತ್ ಮತ್ತು ಜೊತೆಗಾರರು ಸೇರಿ ಕಟ್ಟಿದ ಹೊಸ ಪದ್ಧತಿ ಬಂದ ಮೊದಲ ವರ್ಷವೇ ಆ ಸಂಖ್ಯೆ ಮೂರು ಸಾವಿರದ ಹತ್ತಿರಕ್ಕೆ ಇಳಿಯಿತು. ಅದರ ಮೂಲ 1962ರಲ್ಲಿ ಗೇಲ್ ಮತ್ತು ಶಾಪ್ಲಿ ಅನ್ನುವ ಇಬ್ಬರು ಗಣಿತಜ್ಞರು ಬರೆದ ಸಣ್ಣ ಲೇಖನ. ರಾತ್ ಮತ್ತು ಶಾಪ್ಲಿಗೆ 2012ರಲ್ಲಿ ನೊಬೆಲ್ ಬಂತು.

ಇದರಲ್ಲಿ ಮೊದಲ ಆಯ್ಕೆಯ ಶಾಲೆಯಲ್ಲಿ ಸೀಟು ಸಿಗದಿದ್ದರೆ ಮಗುವಿನ ಹೆಸರು ಎರಡನೆಯದಕ್ಕೆ ಹೋಗುತ್ತದೆ. ಅಲ್ಲಿ ಅವಳನ್ನು "ಎರಡನೇದಾಗಿ ಬರೆದಿದ್ದಾಳೆ" ಅಂತ ಕೆಳಗೆ ತಳ್ಳುವುದಿಲ್ಲ. ಆ ಶಾಲೆಯನ್ನೇ ಮೊದಲು ಬರೆದ ಮಗುವಿನ ಜೊತೆ ಸಮಸಮ ನಿಲ್ಲುತ್ತಾಳೆ. ಅವಳ ಅರ್ಹತೆ ಹೆಚ್ಚಿದ್ದರೆ ಮೊದಲು ಹಂಗಾಮಿಯಾಗಿ ಸೀಟು ಹಿಡಿದವರೇ ಜಾಗ ಬಿಡಬೇಕು. ಹಾಗಾಗಿ ಇಷ್ಟವಿದ್ದ ಕ್ರಮದಲ್ಲೇ ಬರೆದರೆ ನಷ್ಟವಿಲ್ಲ. ಹನ್ನೆರಡೂ ತುಂಬಾ ಬೇಡಿಕೆಯ ಶಾಲೆಗಳೇ ಆಗಬಾರದು, ಅಷ್ಟೇ. ನಮ್ಮದು ಏಳಕ್ಕೇ ನಿಂತಿತ್ತು, ಅದರಲ್ಲಿ ಬ್ರಯಂಟ್ ವಲಯದ ಶಾಲೆ.

ಭಾವ ನಂಬಲಿಲ್ಲ. ನಾಲ್ಕು ಚಮಚ, ಮೂರು ಲೋಟ ಇಟ್ಟು ಆಡಿ ತೋರಿಸಿದೆ. ಚಮಚ ಮಕ್ಕಳು, ಲೋಟ ಶಾಲೆ. ಮೂರನೇ ಆಟಕ್ಕೆ "ಓ" ಅಂದರು.

ಪ್ರತಿ ಮಗುವಿಗೂ ಒಂದು ಲಾಟರಿ ಸಂಖ್ಯೆ ಇರುತ್ತದೆ. ಉದ್ದಕ್ಕೆ ಅಂಕಿ ಅಕ್ಷರ ಕಲಸಿದ ಗೊಂಚಲು. ಪುಟ್ಟಿಯದು "9ಸಿ" ಅಂತ ಶುರುವಾಗಿತ್ತು. ಹದಿನಾರರ ಎಣಿಕೆ ಅದು. ಸೊನ್ನೆಯಿಂದ ಒಂಬತ್ತರ ನಂತರ ಎ, ಬಿ, ಸಿ ಹೀಗೆ ಎಫ್‌ವರೆಗೆ. ಸಿ ಅಂದರೆ ಹನ್ನೆರಡು. ಒಂಬತ್ತು ಹದಿನಾರ್ಲಿ ನೂರ ನಲವತ್ನಾಲ್ಕು, ಹನ್ನೆರಡು ಕೂಡಿದರೆ 156. ಅದನ್ನು 256ರಿಂದ ಭಾಗಿಸಿದರೆ ಸುಮಾರು 0.61. ಅಂದರೆ ನೂರು ಮಕ್ಕಳ ಸಾಲಿನಲ್ಲಿ ಅರವತ್ತೊಂದು ಜನ ಅವಳ ಮುಂದೆ. ಅಂಕ ನೋಡುವ ಶಾಲೆಗಳಲ್ಲಿ ಮೊದಲು ಮಾರ್ಕ್ಸ್ ಪ್ರಕಾರ ಗುಂಪು ಮಾಡಿ, ಗುಂಪಿನೊಳಗೆ ಈ ಸಾಲು ಹಿಡಿಯುತ್ತಾರೆ. "ಎಂಬತ್ತೆಂಟು ತಗೊಂಡು ಲಾಟರಿಗೆ ನಿಲ್ಬೇಕಾ?" ಅಂತ ಅಕ್ಕನಿಗೆ ಸಿಟ್ಟು. ಅವಳ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ 88 ಮತ್ತು 89ರ ಮಧ್ಯೆ ದೊಡ್ಡ ಗೋಡೆ ಕಟ್ಟುವುದಕ್ಕಿಂತ ಲಾಟರಿಯೇ ವಾಸಿ ಅಂತ ನನ್ನ ಅಭಿಪ್ರಾಯ. ಆ ಸಂಜೆ ಅದನ್ನು ಹೇಳುವ ಧೈರ್ಯ ಬರಲಿಲ್ಲ.

ರೈಲಿನಲ್ಲೂ ಒಂದು ಸಲ ಪರೀಕ್ಷೆ ಮಾಡಿದೆವು. ಬೆಳಿಗ್ಗೆ ಏಳಕ್ಕೆ ಹೊರಟು, ಎನ್ ರೈಲು ಹತ್ತಿ, ಕ್ವೀನ್ಸ್‌ಬರೋ ಪ್ಲಾಜಾದಲ್ಲಿ ಇಳಿದು, 7ನೇ ನಂಬರ್ ರೈಲು ಹಿಡಿದು ಏವಿಯೇಷನ್ ಬಾಗಿಲಿಗೆ. ಮನೆಯಿಂದ ಮೂವತ್ತೆಂಟು ನಿಮಿಷ. ಭಾನುವಾರ ಹೋಗಿದ್ದರೆ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ, ಅದಕ್ಕೇ ಭಾವ ಸೋಮವಾರ ರಜೆ ಹಾಕಿದ್ದರು.

ಮಾರ್ಚ್

2024ರ ಮಾರ್ಚ್‌ನಲ್ಲಿ ಫಲಿತಾಂಶ ಬಂತು. ಎರಡನೇ ಆಯ್ಕೆ, ಬ್ರಯಂಟ್. ಸಿಕ್ಕಿದ್ದಕ್ಕಿಂತ ಮೇಲೆ ಬರೆದ ಶಾಲೆಯ ವೇಟ್‌ಲಿಸ್ಟಿಗೆ ಹೆಸರು ತಾನಾಗಿಯೇ ಸೇರುತ್ತದೆ, ಹಾಗಾಗಿ ಏವಿಯೇಷನ್‌ನ ಸಾಲಿನಲ್ಲಿ ಅವಳ ಹೆಸರಿತ್ತು. ಪುಟ್ಟಿ ಅರ್ಧ ಗಂಟೆ ಮಂಕಾಗಿದ್ದಳು. ಆಮೇಲೆ ಕೆಳಗಿನ ಮನೆಯ ಗೆಳತಿಗೂ ಬ್ರಯಂಟ್ ಅಂತ ಗೊತ್ತಾಗಿ ಓಡಿದಳು.

ಸೆಪ್ಟೆಂಬರ್‌ನಿಂದ ಅಲ್ಲಿಗೇ ನಡೆದು ಹೋಗುತ್ತಿದ್ದಾಳೆ. ಮೊದಲ ತಿಂಗಳಲ್ಲೇ ಜ್ವರ ಬಂದು ಎರಡು ದಿನ ಹೋಗಲಿಲ್ಲ. ಎರಡನೇ ದಿನ ಮಧ್ಯಾಹ್ನಕ್ಕೆ ಶಾಲೆಯಿಂದ ಫೋನ್ ಬಂತು. ಅಕ್ಕ ನನಗೆ ಮೆಸೇಜ್ ಹಾಕಿದಳು: "ಮೂರನೇ ಪ್ರಶ್ನೆಗೆ ಉತ್ತರ ಬಂತು ಕಣೋ. ಎರಡು ದಿನ."

ಸೇಫ್ಟಿ ವೈರಿನ ತುಂಡು ಮನೆ ಬೀಗದಕೈ ಗೊಂಚಲಿನಲ್ಲಿದೆ. ಶಾಲೆ ಶುರುವಾಗುವ ಮೊದಲು, ಏವಿಯೇಷನ್‌ನ ವೇಟ್‌ಲಿಸ್ಟಿನಲ್ಲಿ ಅವಳ ಸ್ಥಾನ ಬೇಸಿಗೆಯುದ್ದಕ್ಕೂ ಮೆಲ್ಲಗೆ ಮೇಲೆ ಬರುತ್ತಿತ್ತು. ಪುಟ್ಟಿ ಅದನ್ನು ನೋಡುವುದನ್ನು ಏಪ್ರಿಲ್‌ನಲ್ಲೇ ಬಿಟ್ಟಿದ್ದಳು. ದಿನಾ ಬೆಳಿಗ್ಗೆ ತೆಗೆದು ನೋಡಿ ಶೀಟಿನಲ್ಲಿ ಬರೆದಿಡುತ್ತಿದ್ದವರು ಭಾವ.